ಬಿಸಿಲಿಗೆ ಹೆದರದ ಪರದೆ ನಮಗೆ ಬೇಕು

ಮಟಮಟ ಮಧ್ಯಾಹ್ನ ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತು ಫೋನ್ ತೆಗೆದು ನೋಡಿ. ಮೆಸೇಜ್ ಕಾಣುವ ಮೊದಲು ನಮ್ಮ ಮುಖವೇ ಕಾಣುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸುತ್ತೇವೆ. ಫೋನ್ ಬಿಸಿಯಾಗುತ್ತದೆ, ಚಾರ್ಜ್ ಸರಸರ ಇಳಿಯುತ್ತದೆ. ಕೊಯ್ಲಾದ ಗದ್ದೆ ಪಕ್ಕದ ಕರೆಂಟ್ ತಂತಿಯಿಂದ ಅದೇ ಹೊತ್ತಿಗೆ ಒಂದು ನೀಲಕಂಠ ಹಾರಿತು ಅನ್ನಿ. ಕೂತಾಗ ಮಂಕಾಗಿದ್ದ ಹಕ್ಕಿ ರೆಕ್ಕೆ ಬಿಚ್ಚಿದ ಕೂಡಲೇ ನೀಲಿ ನೀಲಿ. ಬಿಸಿಲು ಜಾಸ್ತಿಯಾದಷ್ಟೂ ಆ ಬಣ್ಣ ಎದ್ದು ಕಾಣುತ್ತದೆ.

ನಾವು ಪರದೆ ಮಾಡುವ ದಾರಿಯೇ ತಪ್ಪಾಗಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮ ಪರದೆಗಳು ಸೂರ್ಯನ ಜೊತೆ ಜಿದ್ದಿಗೆ ಬಿದ್ದಿವೆ. ಎಲ್‌ಸಿಡಿ ಎಂಬ ಬಗೆಯ ಪರದೆಯಲ್ಲಿ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಅದರ ಬೆಳಕಿನಲ್ಲಿ ಹೆಚ್ಚಿನ ಪಾಲನ್ನು ಮುಂದಿನ ಪದರಗಳೇ ನುಂಗಿಬಿಡುತ್ತವೆ. ಕಣ್ಣಿಗೆ ತಲುಪುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಒಎಲ್‌ಇಡಿ ಎಂಬ ಇನ್ನೊಂದು ಬಗೆಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯಬೇಕು. ನೆಲದ ಮೇಲಿನ ಜೀವಿಗಳಲ್ಲಿ ಮಿಂಚುಹುಳದಂಥ ಕೆಲವನ್ನು ಬಿಟ್ಟರೆ ಯಾವುದೂ ಈ ಕಷ್ಟಕ್ಕೆ ಹೋಗುವುದಿಲ್ಲ. ಮೈ ಮೇಲೆ ಬಿದ್ದ ಬೆಳಕನ್ನೇ ಬಳಸಿಕೊಳ್ಳುತ್ತವೆ.

ಅದು ಹೇಗೆ ಎನ್ನುವುದೇ ಸೊಗಸು. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಹನಿ ಬಿದ್ದರೆ ಕಾಮನಬಿಲ್ಲಿನ ಬಣ್ಣ ಹರಡುತ್ತದಲ್ವಾ? ಪೆಟ್ರೋಲಿನಲ್ಲಿ ಆ ಬಣ್ಣ ಇಲ್ಲ. ತೆಳ್ಳಗಿನ ಪದರದ ಮೇಲಿಂದ ಮತ್ತು ಕೆಳಗಿಂದ ವಾಪಸಾದ ಬೆಳಕು ಒಂದಕ್ಕೊಂದು ಸೇರಿ ಕೆಲವು ಬಣ್ಣ ಗಟ್ಟಿಯಾಗುತ್ತವೆ, ಕೆಲವು ಅಳಿಸಿಹೋಗುತ್ತವೆ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿಟ್ಟು ಸಾಕುತ್ತಿದ್ದ ಜೀರ್ಜಿಂಬೆಯ ಹಸಿರು ಹೊಳಪೂ ಇದೇ ಆಟ. ಅದರ ಗಟ್ಟಿ ರೆಕ್ಕೆಯಲ್ಲಿ ಪದರದ ಮೇಲೆ ಪದರ ಇರುತ್ತದೆ. ಹುಳ ಸತ್ತರೂ ಬಣ್ಣ ಮಾಸುವುದಿಲ್ಲ. ಜಪಾನಿನ ಹೋರ್ಯೂಜಿ ದೇವಾಲಯದಲ್ಲಿ 7ನೇ ಶತಮಾನದ ಒಂದು ಪುಟ್ಟ ಮಂಟಪ ಇದೆ. ಅದನ್ನು ಇಂಥದೇ ಹುಳದ ರೆಕ್ಕೆಗಳಿಂದ ಸಿಂಗರಿಸಿದ್ದರು. ಉದುರದೆ ಉಳಿದ ಚೂರುಗಳು ಇವತ್ತಿಗೂ ಹೊಳೆಯುತ್ತವೆ.

ದಕ್ಷಿಣ ಅಮೆರಿಕದ ಮಾರ್ಫೋ ಚಿಟ್ಟೆಯ ರೆಕ್ಕೆಯಲ್ಲೂ ನೀಲಿ ಬಣ್ಣದ ವಸ್ತುವೇ ಇಲ್ಲ. ಈ ಚಿಟ್ಟೆಯ ಉಪಾಯವನ್ನೇ ಪರದೆಗೆ ತಂದಿದ್ದು ಮಿರಾಸೋಲ್ ಎಂಬ ತಂತ್ರಜ್ಞಾನ. ಅಮೆರಿಕದ ಮಾರ್ಕ್ ಮೈಲ್ಸ್ ಇದರ ಮೂಲ ಕೆಲಸ ಮಾಡಿದವರು. ಅವರ ಸಣ್ಣ ಕಂಪನಿಯನ್ನು 2004ರಲ್ಲಿ ಫೋನ್ ಚಿಪ್ ಮಾಡುವ ಕ್ವಾಲ್‌ಕಾಮ್ ಕೊಂಡುಕೊಂಡಿತು. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕನ್ನಡಿಗಳು, ನಡುವೆ ಕೂದಲೆಳೆಗಿಂತ ನೂರಾರು ಪಟ್ಟು ಕಿರಿದಾದ ಸಂದು. ಸಂದು ಎಷ್ಟಿದೆ ಎನ್ನುವುದರ ಮೇಲೆ ಕೆಂಪೋ ಹಸಿರೋ ನೀಲಿಯೋ ಕಾಣುತ್ತದೆ. ಕರೆಂಟ್ ಕೊಟ್ಟರೆ ಕನ್ನಡಿ ಗಾಜಿನ ಕಡೆ ಅಂಟಿಕೊಂಡು ಆ ಚುಕ್ಕಿ ಕಪ್ಪಾಗುತ್ತದೆ. ಚಿತ್ರ ಬದಲಾಗದೆ ನಿಂತಿದ್ದರೆ ಕರೆಂಟ್ ಹೆಚ್ಚುಕಡಿಮೆ ಬೇಡವೇ ಬೇಡ. 2011ರಲ್ಲಿ ಕೊರಿಯಾದಲ್ಲಿ ಈ ಪರದೆಯ ಇ-ರೀಡರ್ (ಪುಸ್ತಕ ಓದುವ ಸಾಧನ) ಬಂತು, 2013ರಲ್ಲಿ ಟಾಕ್ ಎಂಬ ವಾಚ್ ಬಂತು. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅಂಗಡಿಯ ದೀಪದ ಕೆಳಗೆ ಫಳಫಳ ಹೊಳೆಯುವ ಪರದೆ ಪಕ್ಕದಲ್ಲಿ ಇದರ ಬಣ್ಣ ಸಪ್ಪೆ ಕಾಣುತ್ತಿತ್ತು. ಮಾಡುವುದೂ ಸುಲಭ ಇರಲಿಲ್ಲ. ಆದರೆ ಪರದೆಯನ್ನು ಅಂಗಡಿಯೊಳಗೆ ನಿಂತು ಅಳೆಯುವುದು ಯಾವ ನ್ಯಾಯ? ತೋಟದಲ್ಲಿ ನಿಂತು ಅಳೆಯಬೇಕಿತ್ತು.

ನನಗೆ ಇನ್ನೂ ಇಷ್ಟವಾಗುವುದು ನಮ್ಮ ನೀಲಕಂಠದ ದಾರಿ. ನವಿಲುಗರಿಯನ್ನು ಸ್ವಲ್ಪ ಓರೆ ಮಾಡಿದರೆ ಬಣ್ಣ ಬದಲಾಗುತ್ತದೆ. ಪರದೆಗೆ ಅದು ತೊಂದರೆ, ಪಕ್ಕದಲ್ಲಿ ಕೂತವರಿಗೆ ಬೇರೆ ಬಣ್ಣ ಕಂಡರೆ ಹೇಗೆ? ನೀಲಕಂಠದ ಗರಿಯೊಳಗೆ ಪದರಗಳಿಲ್ಲ. ಸ್ಪಂಜಿನಂತೆ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಹಾಗಾಗಿ ಯಾವ ಕಡೆಯಿಂದ ನೋಡಿದರೂ ಹೆಚ್ಚುಕಡಿಮೆ ಅದೇ ನೀಲಿ. ಈ ಉಪಾಯದಿಂದ ಬಣ್ಣ ಮತ್ತು ಪರದೆ ಮಾಡುವ ಪ್ರಯತ್ನ ಪ್ರಯೋಗಾಲಯಗಳಲ್ಲಿ ನಡೆದಿದೆ. ಈ ಹಕ್ಕಿಯ ಗರಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ 1934ರಲ್ಲಿ ಪ್ರಬಂಧ ಬರೆದವರು ಯಾರು ಗೊತ್ತಾ? ಸಿ.ವಿ. ರಾಮನ್. ಅದೂ ಬೆಂಗಳೂರಿನಲ್ಲಿದ್ದುಕೊಂಡು. ನಮ್ಮ ರಾಜ್ಯಪಕ್ಷಿ, ನಮ್ಮ ರಾಜ್ಯದಲ್ಲೇ ಕೆಲಸ ಮಾಡಿದ ವಿಜ್ಞಾನಿ. ಇದನ್ನು ನಮ್ಮ ಶಾಲೆಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲ ಎಂದು ನನಗೆ ನಿಜಕ್ಕೂ ಬೇಜಾರು.

ಬೆಳಕು ಉಗುಳದ ಪರದೆ ನಮಗೆ ಈಗಲೇ ಸಿಗುವುದು ಇ-ಪೇಪರ್ ಎಂಬ ಪರದೆಯ ರೂಪದಲ್ಲಿ. ಅದು ಚಿಟ್ಟೆಯಿಂದ ಬಂದದ್ದಲ್ಲ, ಕಪ್ಪು ಬಿಳಿ ಕಣಗಳು ಮೇಲೆ ಕೆಳಗೆ ಓಡಾಡುವ ತಂತ್ರ. ಆದರೂ ಬಿದ್ದ ಬೆಳಕಿನಲ್ಲೇ ಓದಬಹುದು. ಲಂಡನ್ನಿನಲ್ಲಿ ಬಸ್ ಸ್ಟಾಪುಗಳಲ್ಲಿ ಸೋಲಾರ್ ಮೇಲೆ ನಡೆಯುವ ಇಂಥ ಬೋರ್ಡ್ ಹಾಕಿ ನೋಡಿದ್ದಾರೆ. ಆಗುಂಬೆ, ಹೊಸನಗರ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಬಸ್ಸಿನ ಸಮಯ, ಅಡಿಕೆ ಮಂಡಿಯ ರೇಟು, ಮಳೆಯ ಮುನ್ಸೂಚನೆ ತೋರಿಸಲು ನಮಗೆ ಸಿನಿಮಾ ಪರದೆಯಂಥ ಬೋರ್ಡ್ ಯಾಕೆ?

ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯ ಇದೆ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಸುತ್ತ ಕಾಡಿದೆ. ಪ್ರಾಣಿಶಾಸ್ತ್ರದ ಮಕ್ಕಳು ಮತ್ತು ಎಲೆಕ್ಟ್ರಾನಿಕ್ಸ್ ಮಕ್ಕಳು ಒಂದೇ ಪ್ರಾಜೆಕ್ಟಿನಲ್ಲಿ ಕೂರಲಿ. ಹುಳ ಹಿಡಿದು ಕೊಲ್ಲಬೇಕಿಲ್ಲ, ಉದುರಿದ ರೆಕ್ಕೆ ಸಾಕು. ಮಲೆನಾಡಿನ ಚಿಟ್ಟೆ, ಜೀರ್ಜಿಂಬೆಗಳಲ್ಲಿ ಯಾವುದರ ಬಣ್ಣ ಪದರದಿಂದ, ಯಾವುದರದ್ದು ಗಾಳಿಗೂಡಿನಿಂದ ಎಂದು ಒಂದು ಪಟ್ಟಿ ಮಾಡಲಿ. ಈ ಕಾಲೇಜುಗಳಲ್ಲಿ ಪಾಠ ಮಾಡುವವರು ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಕೆಲವರಿದ್ದೀರಿ. ಈ ವರ್ಷದ ಪ್ರಾಜೆಕ್ಟ್ ವಿಷಯ ಇನ್ನೂ ಕೊಟ್ಟಿಲ್ಲ ಅಂದರೆ ದಯವಿಟ್ಟು ಇದನ್ನು ಕೊಡಿ.