ಸಂಬಳವಿಲ್ಲದ ಕೋಟೆ ಕಾವಲು

1944ರಲ್ಲಿ ತೆರೆಕಂಡ ‘ಸಿನ್ಸ್ ಯೂ ವೆಂಟ್ ಅವೇ’ ಚಿತ್ರವು, ಇದು ಅಮೆರಿಕದ ಮನೆಯೆಂಬ ಅಜೇಯ ಕೋಟೆಯ ಕಥೆ ಎಂಬ ಘೋಷಣೆಯೊಂದಿಗೆ ಆರಂಭವಾಗುತ್ತದೆ. ಒಂದು ಬಾಂಬೂ ಬೀಳದ ಊರಿನ ಆ ಕೋಟೆಯನ್ನು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ತಾವೇ ಚಿತ್ರಕಥೆ ಬರೆದು, ಸುಮಾರು ಮೂರು ಗಂಟೆಗಳ ಕಾಲ ಕಾಪಾಡಿದ್ದಾರೆ.

ಯಜಮಾನ ಸೇನೆ ಸೇರಿದ ಮೇಲೆ ಹಿಲ್ಟನ್ ಕುಟುಂಬದ ತ್ಯಾಗಗಳು ಶುರುವಾಗುತ್ತವೆ. ಗೊಣಗುವ ಮುದಿ ಕರ್ನಲ್ ಒಬ್ಬರಿಗೆ ಕೋಣೆಯೊಂದನ್ನು ಬಾಡಿಗೆಗೆ ಕೊಡಬೇಕಾಗುತ್ತದೆ. ಅದಕ್ಕಿಂತ ಘೋರವಾದದ್ದೆಂದರೆ, ಸಂಬಳ ಕೊಡಲಾಗದೆ ಅಡುಗೆಯ ಫಿಡೇಲಿಯಾಳನ್ನು ಬಿಡಬೇಕಾಗುತ್ತದೆ. ಆದರೆ ಚಿತ್ರಕಥೆಗಾರರಿಗೆ ಕರುಣೆಯಿದೆ. ಕಪ್ಪುವರ್ಣೀಯಳಾದ ಫಿಡೇಲಿಯಾ ಬೇರೆಡೆ ಸಂಬಳಕ್ಕೆ ದುಡಿದು, ಉಳಿದ ಹೊತ್ತಿನಲ್ಲಿ ಹಿಲ್ಟನ್ನರ ಮನೆಗೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡಲು ತಾನಾಗಿಯೇ ಹಿಂತಿರುಗುತ್ತಾಳೆ. ತಂಗಲು ಜಾಗವಿದ್ದರೆ ಅವಳಿಗೆ ಸಾಕು. ಹೀಗೆ ಸೇವಕಿಯ ವಿಶ್ರಾಂತಿಯನ್ನು ತ್ಯಾಗ ಮಾಡಿದ ಕೀರ್ತಿ ಒಡತಿಗೆ ಸಲ್ಲುತ್ತದೆ.

ಈ ಕನಸಿನ ಬೆಲೆ ತಿಳಿಯಬೇಕಾದರೆ ಆ ಕಾಲದ ದಿಗಿಲನ್ನೂ ತಿಳಿಯಬೇಕು. ಕಪ್ಪುವರ್ಣೀಯ ಕೆಲಸದ ಹೆಂಗಸರು ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅವರ ಹೆಸರಿನಲ್ಲಿ ಗುಟ್ಟಾಗಿ ಸಂಘ ಕಟ್ಟಿಕೊಂಡು, ಬಿಳಿಯ ಒಡತಿಯರನ್ನೇ ಒಲೆಯ ಮುಂದೆ ನಿಲ್ಲಿಸಲಿದ್ದಾರೆಂಬ ಗಾಳಿಸುದ್ದಿ 1942ರಲ್ಲಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿತ್ತು. ದೇಶ ಮಹಾಯುದ್ಧದಲ್ಲಿ ತೊಡಗಿದ್ದಾಗ ಎಫ್‌ಬಿಐ ಈ ಅಡುಗೆಮನೆಯ ಬಂಡಾಯದ ತನಿಖೆಗೂ ಇಳಿಯಿತು. ಅಂಥ ಸಂಘ ಒಂದೂ ಪತ್ತೆಯಾಗಲಿಲ್ಲ. ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಪಾತ್ರೆ ತಿಕ್ಕುವುದಕ್ಕಿಂತ ಹೆಚ್ಚು ಕೂಲಿ ಸಿಗುತ್ತಿತ್ತೆಂಬ ಸರಳ ಕಾರಣವನ್ನು ಒಪ್ಪುವುದಕ್ಕಿಂತ ಪಿತೂರಿಯನ್ನು ನಂಬುವುದು ಒಡತಿಯರಿಗೆ ಹಿತವಾಗಿತ್ತು.

ಫಿಡೇಲಿಯಾಳಾಗಿ ನಟಿಸಿದವರು ಹ್ಯಾಟಿ ಮೆಕ್‌ಡೇನಿಯಲ್. 1940ರಲ್ಲಿ, ಮನೆಗೆಲಸದವಳ ಪಾತ್ರಕ್ಕೇ, ಆಸ್ಕರ್ ಪಡೆದ ಮೊದಲ ಕಪ್ಪುವರ್ಣೀಯ ಕಲಾವಿದೆ. ಅಂದು ಸಮಾರಂಭದ ಹೋಟೆಲಿನೊಳಗೆ ಅವರಿಗೆ ಪ್ರವೇಶ ಕೊಡಿಸಲು ಇದೇ ಸೆಲ್ಜ್‌ನಿಕ್ ವಿಶೇಷ ಅನುಮತಿ ಕೇಳಬೇಕಾಯಿತು, ಅದು ಸಿಕ್ಕ ಮೇಲೂ ಅವರನ್ನು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಲಾಯಿತು. ಹಿಲ್ಟನ್ನರ ಬಾಗಿಲಲ್ಲಿ ಇಂಥ ತೊಡಕುಗಳಿಲ್ಲ. ಪುಕ್ಕಟೆ ದುಡಿಯಲು ಬರುವವರಿಗೆ ಯಾರ ಅನುಮತಿಯೂ ಬೇಕಿಲ್ಲ. ಯಜಮಾನ ಸೇರಿದ್ದ ಸೇನೆಯಾದರೂ ಬಣ್ಣ ನೋಡಿಯೇ ದಳ ಕಟ್ಟುತ್ತಿತ್ತು. ಅದನ್ನು ನಿಲ್ಲಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಬಿದ್ದದ್ದು 1948ರಲ್ಲಿ.

ಚಿತ್ರದ ಕೊನೆಗೆ, ಕ್ರಿಸ್‌ಮಸ್ ಹೊತ್ತಿನಲ್ಲಿ, ಕಾಣೆಯಾಗಿದ್ದ ಯಜಮಾನ ಕ್ಷೇಮವಾಗಿರುವ ಸುದ್ದಿ ಬರುತ್ತದೆ. ಫಿಡೇಲಿಯಾಳ ಸಂಬಳದ ಸುದ್ದಿ ಬರುವುದಿಲ್ಲ.