ಗ್ಯಾರೇಜ್ ಗೇಟು ದಾಟಿದ ಕೂಡಲೇ ಸರಿಹೋಗುವ ಕಾರು

ನನ್ನ ಕಾರಿಗೆ ಹದಿನಾರು ವರ್ಷ. ಆಲ್ ವೀಲ್ ಡ್ರೈವ್ (ಎಡಬ್ಲ್ಯೂಡಿ), ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ಕಳೆದ ವರ್ಷ ಅದಕ್ಕೊಂದು ಚಾಳಿ ಶುರುವಾಯಿತು. ಒಂದು ದಿನ ನಿಧಾನಕ್ಕೆ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಹಿಂದುಗಡೆ ದಡದಡ ಅಂತ ನಡುಕ. ಇನ್ನೊಂದು ದಿನ ನಡುಕ ಇಲ್ಲ, ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಡಬ್ಲ್ಯೂಡಿ ಲೈಟ್. ಮಾರನೇ ದಿನ ಬೆಳಿಗ್ಗೆ ಎರಡೂ ಮಾಯ. ಗ್ಯಾರೇಜಿಗೆ ಒಯ್ದರಂತೂ, ಮನೆಯಲ್ಲಿ ರಂಪ ಮಾಡುವ ಮಗು ನೆಂಟರ ಮುಂದೆ ಕೈಕಟ್ಟಿ ಕೂತ ಹಾಗೆ, ಚೂರೂ ತಕರಾರಿಲ್ಲದೆ ಓಡಿತು.

ಎರಡು ಗ್ಯಾರೇಜ್ ಸುತ್ತಿದೆ. ಮೊದಲನೆಯವರು ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಅಳಿಸಿ, "ಈಗ ಸರಿಯಾಯ್ತು ಸಾರ್" ಅಂದರು. ಎರಡನೆಯವರು ಕಾರಿನ ಕೆಳಗೆ ಬಗ್ಗಿ ಕೂಡ ನೋಡಲಿಲ್ಲ. "ಕಪ್ಲಿಂಗ್ ಹೋಗಿದೆ ಸಾರ್, ಪೂರ್ತಿ ಸೆಟ್ ಹಾಕ್ಬೇಕು. ಆಗ್ಲೂ ಹೋಗ್ಲಿಲ್ಲ ಅಂದ್ರೆ ಗೇರ್‌ಬಾಕ್ಸ್ ಇಳಿಸಿ ನೋಡೋಣ."

ಎಲ್ಲರೂ ಎರಡನೆಯವರ ಮೇಲೆ ಸಿಟ್ಟಾಗುತ್ತಾರೆ. ನನಗೆ ಜಾಸ್ತಿ ಸಿಟ್ಟು ಬಂದದ್ದು ಮೊದಲನೆಯವರ ಮೇಲೆ. ಕೋಡ್ ಜೊತೆಗೆ ಬಹಳಷ್ಟು ಕಾರುಗಳಲ್ಲಿ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಇರುತ್ತದೆ. ತೊಂದರೆ ಕಂಡ ಆ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎನ್ನುವುದೆಲ್ಲ ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಯಿತು. ಬಂದು ಹೋಗುವ ತೊಂದರೆಯಲ್ಲಿ ನಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಅವರು ಅದನ್ನು ಒಂದು ಬಟನ್ ಒತ್ತಿ ಒರೆಸಿಬಿಟ್ಟರು. ನನ್ನ ಮಟ್ಟಿಗೆ ಇಂಥ ತೊಂದರೆಯಲ್ಲಿ 'ಏನು ಕೆಟ್ಟಿದೆ' ಅನ್ನೋ ಪ್ರಶ್ನೆ ಆಮೇಲಿನದು. 'ಯಾವಾಗ ಕೆಡುತ್ತದೆ' ಅನ್ನೋದಕ್ಕೆ ಉತ್ತರ ಸಿಗುವವರೆಗೆ ಸ್ಪ್ಯಾನರ್ ಮುಟ್ಟಬಾರದು.

ಇದರ ಒಳಗಿನ ಕೆಲಸ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಕಾರು ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಚಿಕ್ಕ ಸುತ್ತು. ಎರಡನ್ನೂ ಬಿಗಿಯಾಗಿ ಜೋಡಿಸಿಟ್ಟರೆ ಒಂದನ್ನೊಂದು ಎಳೆದಾಡುತ್ತವೆ, ಟೈರ್ ಎಗರುತ್ತದೆ. ಅದಕ್ಕೇ ನಡುವೆ ಜಾರುವ ಒಂದು ಜಾಗ ಬೇಕು. ಕೆಲವು ಕಾರುಗಳಲ್ಲಿ ಅದು ಸೆಂಟರ್ ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ). ನನ್ನದರಲ್ಲಿ ಹಿಂದಿನ ಡಿಫರೆನ್ಷಿಯಲ್ ಮುಂದೆ ಕೂತ ಕ್ಲಚ್ ಕಪ್ಲಿಂಗ್. ಅದರೊಳಗಿನ ತಂತಿ ಸುರುಳಿಗೆ ಕರೆಂಟ್ ಕೊಟ್ಟರೆ ಕ್ಲಚ್ ಕಚ್ಚಿಕೊಂಡು ಹಿಂದಿನ ಚಕ್ರಕ್ಕೂ ಬಲ ಹೋಗುತ್ತದೆ. ಕರೆಂಟ್ ಇಲ್ಲ ಅಂದರೆ ಕಾರು ಬರೀ ಮುಂದಿನ ಚಕ್ರದಲ್ಲಿ ಓಡುತ್ತದೆ.

ಈ ಕೊನೆಯ ಮಾತು ಎಲ್ಲ ಕಾರಿಗೂ ನಿಜವಲ್ಲ. ಸುಬಾರುವಿನ ಹಳೆಯ ನಾಲ್ಕು ಗೇರಿನ ಆಟೊಮ್ಯಾಟಿಕ್‌ಗಳಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಸೊಲೆನಾಯ್ಡಿಗೆ (ಕರೆಂಟಿನಿಂದ ಕೆಲಸ ಮಾಡುವ ಕವಾಟಕ್ಕೆ) ಪೂರ್ತಿ ಕರೆಂಟ್ ಹೋದರೆ ಹಿಂದಿನ ಚಕ್ರ ಬಿಟ್ಟುಕೊಳ್ಳುತ್ತದೆ, ಕರೆಂಟ್ ನಿಂತರೆ ಕ್ಲಚ್ ಬಿಗಿಯಾಗಿ ಕಚ್ಚುತ್ತದೆ. ಅಂದರೆ ಒಂದೇ ತರ ವೈರ್ ತುಂಡಾದರೂ ನನ್ನ ಕಾರು ಸುಮ್ನೆ ಫ್ರಂಟ್ ವೀಲ್ ಡ್ರೈವ್ ಆಗುತ್ತದೆ, ಆ ಕಾರು ತಿರುವಿನಲ್ಲಿ ಒದ್ದಾಡುತ್ತದೆ. ಅವುಗಳ ಫ್ಯೂಸ್ ಪೆಟ್ಟಿಗೆಯಲ್ಲಿ ಎಫ್‌ಡಬ್ಲ್ಯೂಡಿ (ಫ್ರಂಟ್ ವೀಲ್ ಡ್ರೈವ್) ಅಂತ ಖಾಲಿ ಜಾಗ ಇರುತ್ತದೆ. ಅಲ್ಲೊಂದು ಫ್ಯೂಸ್ ಸಿಕ್ಕಿಸಿ ಅದೇ ತಿರುವು ಮತ್ತೆ ಹಾಕಿ ನೋಡಬಹುದು. ಒದ್ದಾಟ ನಿಂತರೆ ಸೊಲೆನಾಯ್ಡೂ ಕ್ಲಚ್ಚೂ ಹೇಳಿದ ಮಾತು ಕೇಳುತ್ತಿವೆ, ಅದಕ್ಕೆ ಆಜ್ಞೆ ಕೊಡುವ ಕಡೆ ಹುಡುಕಬೇಕು ಅಂತ. ಇಷ್ಟು ಸುಲಭದ ಪರೀಕ್ಷೆ ಎಲ್ಲ ಕಾರಿನಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ಸರಿ, ನನ್ನ ಕಾರಿಗೆ ಬರೋಣ. ಒಂದು ನೋಟ್‌ಬುಕ್ ತೆಗೆದು ಕಾರಿನಲ್ಲಿಟ್ಟೆ. ನಡುಕ ಬಂದರೆ ಬರೆಯುವುದು, ಲೈಟ್ ಬಂದರೆ ಬರೆಯುವುದು. ಎಷ್ಟು ದೂರ ಬಂದಿದ್ದೆ, ಮಳೆಯೋ ಬಿಸಿಲೋ, ತಿರುವೋ ನೇರವೋ. ಮೂರು ವಾರ ಬರೆದ ಮೇಲೆ ಕಣ್ಣಿಗೆ ಹೊಡೆದದ್ದು ಒಂದು. ನಡುಕವೂ ಲೈಟೂ ಒಟ್ಟಿಗೆ ಬಂದ ದಿನ ಒಂದೂ ಇಲ್ಲ! ನಾನು ಇಷ್ಟು ದಿನ ಎರಡನ್ನೂ ಒಂದೇ ರೋಗ ಅಂದುಕೊಂಡಿದ್ದೆ. ಗ್ಯಾರೇಜಿನವರಿಗೂ ಹಾಗೇ ಹೇಳಿದ್ದೆ. ಆ ತಪ್ಪು ನನ್ನದೇ.

ನಡುಕದ ಕಥೆ ಬೇಗ ಮುಗಿಯಿತು. ಅದು ಶುರುವಾಗುವ ನಾಲ್ಕು ತಿಂಗಳ ಮುಂಚೆ ಮುಂದಿನ ಎರಡು ಟೈರ್ ಮಾತ್ರ ಹೊಸದು ಹಾಕಿಸಿದ್ದೆ. ಹೊಸ ಟೈರಿನ ಗೆರೆ 8 ಮಿಲಿಮೀಟರ್ ಆಳ, ಹಿಂದಿನ ಹಳೆಯವು ಸವೆದು 4. ನಾಲ್ಕೇ ಮಿಲಿಮೀಟರ್ ತಾನೇ ಅನ್ನಿಸುತ್ತದೆ. ಆದರೆ ಅದು ವ್ಯಾಸದಲ್ಲಿ 8 ಮಿಲಿಮೀಟರ್, ಸುತ್ತಳತೆಯಲ್ಲಿ ಸುಮಾರು 25. ಟೈರಿನ ವ್ಯಾಸ 650 ಮಿಲಿಮೀಟರ್ ಅಂತಿಟ್ಟುಕೊಂಡರೆ ಒಂದು ಕಿಲೋಮೀಟರಿಗೆ ಹೊಸದು 490 ಸುತ್ತು ಸುತ್ತುತ್ತದೆ, ಹಳೆಯದು 496. ನೇರ ರಸ್ತೆಯಲ್ಲೂ ಪ್ರತಿ ಕಿಲೋಮೀಟರಿಗೆ ಆರು ಸುತ್ತಿನ ವ್ಯತ್ಯಾಸವನ್ನು ಆ ಪುಟ್ಟ ಕ್ಲಚ್ ಜಾರಿ ಜಾರಿ ನುಂಗಬೇಕು. ಜಾರಿದರೆ ಬಿಸಿ, ಬಿಸಿಯಾದರೆ ಎಣ್ಣೆ ಹಾಳು. ಹಾಳಾದ ಎಣ್ಣೆಯಲ್ಲಿ ಕ್ಲಚ್ ತಟ್ಟೆಗಳು ನುಣ್ಣಗೆ ಜಾರುವುದಿಲ್ಲ. ಹಿಡಿದು ಬಿಡುತ್ತವೆ, ಹಿಡಿದು ಬಿಡುತ್ತವೆ. ಆ ದಡದಡ ಅದೇ. ಸುಬಾರು ಕಂಪನಿ ನಾಲ್ಕು ಟೈರುಗಳ ಸುತ್ತಳತೆಯ ವ್ಯತ್ಯಾಸ ಕಾಲು ಇಂಚು, ಅಂದರೆ 6 ಮಿಲಿಮೀಟರಿನ ಒಳಗಿರಲಿ ಅನ್ನುವುದು ಸುಮ್ನೆ ಅಲ್ಲ.

ಹಿಂದಕ್ಕೂ ಅದೇ ಕಂಪನಿಯ ಎರಡು ಹೊಸ ಟೈರ್ ಹಾಕಿಸಿದೆ. ಕಪ್ಲಿಂಗಿನ ಎಣ್ಣೆ ಬದಲಿಸಿದೆ. ಕಾರಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಕೈಗೆ ಸಿಕ್ಕ ಗೇರ್ ಆಯಿಲ್ ಸುರಿದರೆ ನಡುಕ ಇನ್ನೂ ಹೆಚ್ಚಾಗಬಹುದು. ಹೊರಬಂದ ಎಣ್ಣೆ ಕಪ್ಪಗೆ, ಸುಟ್ಟ ವಾಸನೆ. ನಡುಕ ನಿಂತಿತು.

ಲೈಟ್ ಮಾತ್ರ ಬರುತ್ತಲೇ ಇತ್ತು.

ಎಡಬ್ಲ್ಯೂಡಿ ಲೈಟ್ ಬಂತು ಅಂದ ಮಾತ್ರಕ್ಕೆ ಎಡಬ್ಲ್ಯೂಡಿಯೇ ಕೆಟ್ಟಿದೆ ಅಂತಲ್ಲ. ಚಕ್ರದ ವೇಗ ತಿಳಿಸುವ ಸೆನ್ಸರ್ ತಪ್ಪು ಹೇಳಿದರೂ, ಬ್ರೇಕ್ ಲೈಟ್ ಸ್ವಿಚ್ ಕೈಕೊಟ್ಟರೂ, ಕೆಲವು ಕಾರುಗಳಲ್ಲಿ ಬ್ಯಾಟರಿ ಸೋತರೂ ಕಂಪ್ಯೂಟರು 'ನನಗೆ ನಂಬಿಕೆ ಇಲ್ಲ' ಅಂತ ಹಿಂದಿನ ಚಕ್ರವನ್ನು ಬಿಟ್ಟುಬಿಡುತ್ತದೆ. ಪಾಪ, ಬೈಗುಳ ಮಾತ್ರ ಕಪ್ಲಿಂಗಿಗೆ. ನಾನೊಂದು ಸಣ್ಣ ಸ್ಕ್ಯಾನರ್ ಕೊಂಡೆ. ಬ್ಯಾಟರಿ ನಿಂತಾಗ 12.6 ವೋಲ್ಟ್, ಚೆನ್ನಾಗಿತ್ತು. ನೇರ ರಸ್ತೆಯಲ್ಲಿ ನಾಲ್ಕೂ ಚಕ್ರದ ವೇಗ ಒಂದೇ. ನಿಲ್ಲುವ ಹೊತ್ತಿಗೆ ಯಾವುದೂ ಗಬಕ್ಕನೆ ಸೊನ್ನೆಗೆ ಬೀಳಲಿಲ್ಲ, ಅಂದರೆ ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ಬಳೆ ಬಿರುಕು ಬಿಟ್ಟಿಲ್ಲ. ಉಳಿದದ್ದು ಸುರುಳಿ ಮತ್ತು ಅದರ ವೈರು.

ನಾನು ಸ್ಕ್ಯಾನರ್ ನೋಡುವಾಗ ಕಾರು ಓಡಿಸುತ್ತಿದ್ದವಳು ಹೆಂಡತಿ. (ಒಬ್ಬರೇ ಎರಡೂ ಮಾಡಲು ಹೋಗಬೇಡಿ.) ನೋಟ್‌ಬುಕ್ಕಿನಲ್ಲಿ ನನಗೆ ಕಾಣದ್ದು ಅವಳಿಗೆ ಕಂಡಿತು. "ರೀ, ಇದು ಓಡ್ತಾ ಇರುವಾಗ ಬರೋದೇ ಇಲ್ಲ. ಎಲ್ಲಾದರೂ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟಾಗಲೇ ಬರೋದು" ಅಂದಳು. ಪುಟ ತಿರುಗಿಸಿದೆ. ಹೌದು! ಪ್ರತಿ ಸಲವೂ ದೂರ ಓಡಿ, ನಿಲ್ಲಿಸಿ, ಮತ್ತೆ ಹೊರಟದ್ದು. ಓಡುವಾಗ ಕೆಳಗೆ ಗಾಳಿ ಬೀಸುತ್ತಿರುತ್ತದೆ. ನಿಲ್ಲಿಸಿದಾಗ ಗಾಳಿ ಇಲ್ಲ, ಸೈಲೆನ್ಸರ್ ಪೈಪಿನ ಶಾಖ ಸುತ್ತಲಿನದ್ದಕ್ಕೆಲ್ಲ ಏರುತ್ತದೆ. ಹಾಗಾದರೆ ಆ ಪೈಪಿನ ಪಕ್ಕ ಇರುವುದೇನು? ಕಪ್ಲಿಂಗಿಗೆ ಹೋಗುವ ವೈರಿನ ಕನೆಕ್ಟರ್.

ಮಲ್ಟಿಮೀಟರ್ ಹಿಡಿದು ವೈರಿನ ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆದೆ. ಚೆನ್ನಾಗಿದೆ ಅಂದಿತು. ಇಲ್ಲೇ ಬಹಳ ಜನ ಮೋಸ ಹೋಗುವುದು. ಮೀಟರ್ ಅಳೆಯುವಾಗ ಕಳಿಸುವ ಕರೆಂಟ್ ತೀರಾ ಕಡಿಮೆ. ಹತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಸಾಕು. ಕೆಲಸಕ್ಕೆ ಸಾಲದು. ಅರ್ಧ ಓಮ್ ತಡೆ ಇರುವ ಕಡೆ 4 ಆಂಪ್ ಹರಿದರೆ ಅಲ್ಲೇ 2 ವೋಲ್ಟ್ ಖರ್ಚಾಯಿತು. ಅದಕ್ಕೇ ವೈರಿನ ಮೇಲೆ ಭಾರ ಹಾಕಿ ನೋಡಬೇಕು. ವೈರಿನ ಎರಡೂ ತುದಿ ಕಳಚಿದೆ. (ಕಂಪ್ಯೂಟರ್ ಕಡೆಯದನ್ನು ಖಂಡಿತ ಕಳಚಿ, ಇಲ್ಲದಿದ್ದರೆ ಅದು ಸುಡುತ್ತದೆ.) ನಡುವಿನ ಆ ಕನೆಕ್ಟರನ್ನು ಮಾತ್ರ ಹಾಗೇ ಬಿಟ್ಟೆ. ಬ್ಯಾಟರಿಯಿಂದ ಫ್ಯೂಸ್ ದಾಟಿಸಿ, ಅದೇ ವೈರಿನ ಮೂಲಕ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಉರಿಸಿದೆ. ಪ್ರಖರವಾಗಿ ಉರಿಯಿತು. ಆಮೇಲೆ ಕನೆಕ್ಟರಿಗೆ ಹೇರ್ ಡ್ರೈಯರ್ ಹಿಡಿದೆ. ಐದು ನಿಮಿಷಕ್ಕೆ ಬಲ್ಬ್ ಹಳದಿ, ಆಮೇಲೆ ಕೆಂಪು. ಬೆರಳಿಂದ ಕನೆಕ್ಟರ್ ಅಲುಗಿಸಿದರೆ ಮತ್ತೆ ಝಗ್.

ಆ ಕೆಂಪು ಬಲ್ಬ್ ನೋಡಿದಾಗ ಆದ ಖುಷಿ ಹೇಳಿದರೆ ನಗುತ್ತೀರಿ.

ಬಿಚ್ಚಿ ನೋಡಿದರೆ ಒಳಗೆ ರಬ್ಬರ್ ಸೀಲ್ ಹರಿದಿತ್ತು. ನೀರು ಹೋಗಿ ಒಂದು ಪಿನ್ ಹಸಿರು ಹಿಡಿದಿತ್ತು, ಅದನ್ನು ಹಿಡಿಯುವ ತೂತು ಸಡಿಲವಾಗಿತ್ತು. ಶಾಖಕ್ಕೆ ಇನ್ನಷ್ಟು ಸಡಿಲವಾಗುತ್ತಿತ್ತು, ತಣ್ಣಗಾದರೆ ಮತ್ತೆ ತಾಗುತ್ತಿತ್ತು. ಪಿನ್ ಬದಲಿಸಿ, ಹೊಸ ಸೀಲ್ ಹಾಕಿ, ವೈರನ್ನು ಪೈಪಿನಿಂದ ದೂರಕ್ಕೆ ಕಟ್ಟಿದೆ. ಅದಾಗಿ ಐದು ತಿಂಗಳು, ಲೈಟ್ ಬಂದಿಲ್ಲ. ಎರಡನೇ ಗ್ಯಾರೇಜಿನವರು ಹೇಳಿದಂತೆ ಹೊಸ ಕಪ್ಲಿಂಗ್ ಹಾಕಿಸಿದ್ದರೂ ಅದೇ ಹಸಿರು ಪಿನ್ನಿಗೆ ಸಿಕ್ಕಿಸುತ್ತಿದ್ದರು. ಎಳೆದಾಡುವಾಗ ಪಿನ್ ಸ್ವಲ್ಪ ಬಿಗಿಯಾಗಿ ಕೂತು ಒಂದೆರಡು ತಿಂಗಳು ಸುಮ್ಮನಿರುತ್ತಿತ್ತು ಕೂಡ. 'ನೋಡಿ, ಕಪ್ಲಿಂಗೇ ಹೋಗಿತ್ತು' ಅಂತ ನಾನೂ ನಂಬುತ್ತಿದ್ದೆ.

ಒಂದು ಅನುಮಾನ ಇನ್ನೂ ಉಳಿದಿದೆ. ತುಂಬಾ ಚಳಿಯ ಬೆಳಿಗ್ಗೆ, ಮೊದಲ ತಿರುವಿನಲ್ಲಿ, ಹಿಂದುಗಡೆ ಸಣ್ಣಗೆ ಗೊರ್ ಅಂದಂತಾಗುತ್ತದೆ. ಬೇರೆ ಬೇರೆ ಟೈರಿನಲ್ಲಿ ಓಡಿಸಿದ ಆ ತಿಂಗಳುಗಳಲ್ಲಿ ಕ್ಲಚ್ ತಟ್ಟೆ ಎಷ್ಟು ಸುಟ್ಟಿದೆಯೋ. ಮುಂದಿನ ಸಲ ಎಣ್ಣೆ ಇಳಿಸುವಾಗ ಅದರ ಬಣ್ಣ, ವಾಸನೆ ನೋಡಬೇಕು. ಅಲ್ಲಿಯವರೆಗೆ ಗೊರ್ ಅಂದ ದಿನವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.