ಮಲೆನಾಡಿನ ಮಳೆಯಲ್ಲಿ ಟೆಂಟ್ ಹಾಕುವವರು ದುಡ್ಡು ಎಲ್ಲಿ ಸುರಿಯಬೇಕು?

ಕ್ಯಾಂಪಿಂಗ್ ಅಂದ ಕೂಡಲೇ ನಮ್ಮ ಹುಡುಗರ ಕಣ್ಣು ಹೋಗುವುದು ದೊಡ್ಡ ಚಾಕು, ಮಿಲಿಟರಿ ಬಣ್ಣದ ಪ್ಯಾಂಟು, ದುಬಾರಿ ಶೂಗಳ ಮೇಲೆ. ಹೊರದೇಶದ ಬೇಟೆಗಾರರ ವಿಡಿಯೊ ನೋಡಿ ಬಂದ ಚಟ ಇದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಪರಾಧ. ಆಗುಂಬೆ, ಸಕಲೇಶಪುರದ ಕಡೆ ಟೆಂಟ್ ಹಾಕಿ ಮಲಗುವವರನ್ನು ಕಾಡುವುದು ನೀರು. ದುಡ್ಡೂ ಅದಕ್ಕೇ ಹೋಗಬೇಕು.

ಟೆಂಟ್ ಅಂಗಡಿಯವರು ‘ವಾಟರ್‌ಪ್ರೂಫ್’ ಅಂದರೆ ಸಾಲದು, ಲೇಬಲ್ ಓದಿ. ಬಟ್ಟೆ ಎಷ್ಟು ಮಿಲಿಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅಂತ ಅದರಲ್ಲಿರುತ್ತದೆ. ಮೇಲಿನ ಹೊದಿಕೆಗೆ 2000, ನೆಲಕ್ಕೆ 3000ಕ್ಕಿಂತ ಕಡಿಮೆ ಇರುವುದನ್ನು ಮಲೆನಾಡಿಗೆ ತರಬೇಡಿ. ನೆಲಕ್ಕೆ ಯಾಕೆ ಹೆಚ್ಚು ಬೇಕು ಅಂದರೆ, ಮಂಡಿಯೂರಿ ಕೂತಾಗ ಮೈಭಾರವೆಲ್ಲ ಅಂಗೈಯಗಲ ಜಾಗದ ಮೇಲೆ ಬಿದ್ದು ಒದ್ದೆ ಮಣ್ಣಿನ ನೀರು ಬಟ್ಟೆಯೊಳಗಿಂದ ಮೇಲೇಳುತ್ತದೆ. ಹೊದಿಕೆಯನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿ: ಹೊಲಿಗೆಯುದ್ದಕ್ಕೂ ಟೇಪ್ ಅಂಟಿಸಿರಬೇಕು. ಟೇಪ್ ಇಲ್ಲದಿದ್ದರೆ ಸೂಜಿ ತೂತುಗಳಲ್ಲೇ ನೀರು ಜಿನುಗುತ್ತದೆ.

ಒಳಗೆ ಹನಿ ಕಂಡ ಮಾತ್ರಕ್ಕೆ ಟೆಂಟ್ ಸೋರುತ್ತಿದೆ ಅಂತಲ್ಲ. ಇಬ್ಬರ ಉಸಿರೇ ರಾತ್ರಿಯಿಡೀ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತದೆ. ಹಾಗಾಗಿ ಎರಡು ಪದರದ ಟೆಂಟೇ ಬೇಕು, ಪದರಗಳು ಒಂದಕ್ಕೊಂದು ತಾಗಬಾರದು, ಮೇಲಿನ ಗಾಳಿಕಿಂಡಿ ಮಳೆಯಲ್ಲೂ ತೆರೆದಿರಬೇಕು. ನೈಲಾನ್ ಬಟ್ಟೆ ನೆನೆದರೆ ಜೋಲುತ್ತದೆ, ಮಲಗುವ ಮುಂಚೆ ಹಗ್ಗಗಳನ್ನು ಇನ್ನೊಮ್ಮೆ ಬಿಗಿಯಿರಿ. ಜೊತೆಗೆ ಬರುವ ತಂತಿ ಗೂಟಗಳು ಸಡಿಲ ಮಣ್ಣಿನಲ್ಲಿ ಕಿತ್ತುಬರುತ್ತವೆ. ಏಳೆಂಟು ಇಂಚಿನ ಅಗಲ ಅಲ್ಯೂಮಿನಿಯಂ ಗೂಟ ಬೇರೆ ಕೊಳ್ಳಿ.

ಟಾರ್ಪಾಲಿನ ವಿಷಯದಲ್ಲಂತೂ ಎಲ್ಲರೂ ಎಡವುತ್ತಾರೆ. ಟೆಂಟಿನ ಕೆಳಗೆ ಹಾಸಿದ ಟಾರ್ಪಾಲು ಟೆಂಟಿನಿಂದ ಹೊರಗೆ ಚಾಚಿದ್ದರೆ ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ನಿಮ್ಮ ಬೆನ್ನಡಿ ಸೇರುತ್ತದೆ. ಸುತ್ತಲೂ ಟೆಂಟಿನ ಅಂಚಿಗಿಂತ ನಾಲ್ಕು ಬೆರಳು ಒಳಕ್ಕೆ ಮಡಚಿ.

ಸ್ಲೀಪಿಂಗ್ ಬ್ಯಾಗಿನಲ್ಲಿ ಹಕ್ಕಿ ತುಪ್ಪಳದ್ದು ಬೇಡವೇ ಬೇಡ. ತುಪ್ಪಳ ನೆನೆದರೆ ಮುದ್ದೆಯಾಗಿ ಬಿಸಿ ಹಿಡಿಯುವುದಿಲ್ಲ. ಸಿಂಥೆಟಿಕ್ ತೆಗೆದುಕೊಳ್ಳಿ, ಲೇಬಲ್ಲಿನ ‘ಕಂಫರ್ಟ್’ ಅಂಕಿ (ಎಷ್ಟು ಚಳಿಯವರೆಗೆ ಹಾಯಾಗಿ ಮಲಗಬಹುದು ಅನ್ನುವುದು) 10 ಡಿಗ್ರಿ ಇದ್ದರೆ ನಮ್ಮ ಘಟ್ಟಕ್ಕೆ ಸಾಕು. ‘ಎಕ್ಸ್‌ಟ್ರೀಮ್’ ಅಂಕಿ ನೋಡಿ ಕೊಳ್ಳಬೇಡಿ, ಅದು ಜೀವ ಉಳಿಯುವ ಲೆಕ್ಕ, ನಿದ್ದೆಯದ್ದಲ್ಲ. ಕೆಳಗೆ ಹಾಸಲು 10 ಮಿ.ಮೀ. ಫೋಮ್ ಚಾಪೆ ಸಾಕು, ತೂತಾಗುವ ಭಯವಿಲ್ಲ.

ಬ್ಯಾಗಿನ ಮಳೆಕವರ್ ನಂಬಿಕೊಂಡರೆ ಬೆನ್ನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಸಾಮಾನು ತುಂಬಿ, ಬಾಯಿ ತಿರುಚಿ ಕಟ್ಟಿ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ.

ವಾಟರ್‌ಪ್ರೂಫ್ ಶೂ ನಮ್ಮ ಹಳ್ಳಗಳಿಗೆ ಸಲ್ಲದು. ನೀರು ಮೇಲಿನಿಂದ ಹೊಕ್ಕರೆ ಹೊರಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಬೇಗ ಒಣಗುವ ಜಾಳಿಗೆ ಶೂ, ಆಳ ಗೆರೆಗಳ ರಬ್ಬರ್ ಅಡಿ ಮೇಲು. ಇಂಬಳಕ್ಕೆ (ಜಿಗಣೆಗೆ) ಮಂಡಿವರೆಗಿನ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಹಾಕಿ. ಮಾಮೂಲಿ ಸಾಕ್ಸಿನ ಕಣ್ಣುಗಳಲ್ಲಿ ಅದು ನುಸುಳುತ್ತದೆ. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಹೋಗಿ ಇಂಬಳಕ್ಕೆ ಮುಟ್ಟಿಸುವ ಊರಿನವರ ಉಪಾಯವೂ ಚೆನ್ನಾಗಿಯೇ ನಡೆಯುತ್ತದೆ. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ಜಾರಿಸಿ ತೆಗೆಯಿರಿ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ದ್ರವ ಬಿಟ್ಟಿರುತ್ತದೆ, ಸ್ವಲ್ಪ ಹೊತ್ತು ಸೋರಿದರೆ ಗಾಬರಿ ಬೇಡ.

ಎಷ್ಟೇ ಜೋರು ಮಳೆಯಿರಲಿ, ಟೆಂಟಿನೊಳಗೆ ಸ್ಟೌ ಹಚ್ಚಬೇಡಿ. ಬೆಂಕಿಯ ಭಯದಷ್ಟೇ ಇನ್ನೊಂದೂ ಇದೆ: ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅಡುಗೆಗೆಂದೇ ಎರಡು ಮರಗಳ ನಡುವೆ ಬೇರೆ ಟಾರ್ಪಾಲು ಎಳೆದು ಕಟ್ಟಿ, ಒಂದು ಮೂಲೆ ತಗ್ಗಿಸಿ, ನೀರು ಅಲ್ಲಿಂದ ಇಳಿಯಲಿ. ಕಟ್ಟುವ ಮುಂಚೆ ಮೇಲೆ ಒಣಕೊಂಬೆ ಇದೆಯಾ ಅಂತ ತಲೆಯೆತ್ತಿ ನೋಡಿ.